ಮುದ್ದಯ್ಯ ಕಾಯ್ದ ಆಟದ ಕೋಣೆ

ಪೆದ್ದರು ಯಾವ ಊರಲ್ಲಿಲ್ಲ ಹೇಳಿ. ಆದರೆ ನಮ್ಮ ಕೆಂಚನಕಟ್ಟೆಯ ಮುದ್ದಯ್ಯನ ಮುಂದೆ ಅವರೆಲ್ಲ ಪಂಡಿತರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವನ ತಾಯಿ ಚೌಡಮ್ಮನಿಗೆ ಅದೇ ತಲೆನೋವು. ಹಿಡಿದ ಕೆಲಸವೆಲ್ಲ ಕೈಬಿಟ್ಟು ಹೋಗಿ, ಕೊನೆಗೆ ಊರಿನ ಲೈಬ್ರರಿಯಲ್ಲಿ ಒಂದು ಸಿಕ್ಕಿತ್ತು. ಅಲ್ಲಿ ಹೊಸದಾಗಿ ವಿಡಿಯೋ ಗೇಮಿನ ಕೋಣೆ ಮಾಡಿದ್ದರು. ಬಾಗಿಲಿಲ್ಲದ ಕೋಣೆ, ಅದರಲ್ಲೊಂದು ಟಿವಿ, ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಲೋಕವೇ ಕಾಣುವ ಒಂದು ದಪ್ಪ ಕನ್ನಡಕ. ಅದನ್ನು ಕಾಯುವುದು ಮುದ್ದಯ್ಯನ ಕೆಲಸ. ಕೋಣೆ ಇದ್ದರೆ ಕೆಲಸ, ಇಲ್ಲದಿದ್ದರೆ ಮನೆ.

ದಿನಾ ಪೇಪರ್ ಓದಲು ಬರುವ ತಿಮ್ಮರಸು ಮೇಷ್ಟ್ರಿಗೆ ಆ ಕೋಣೆ ಕಂಡರೆ ಆಗದು. "ಲೈಬ್ರರಿ ಇರೋದು ಓದೋಕೆ. ಆಡೋಕೆ ಬಯಲಿಲ್ವಾ?" ಎಂದು ಪಂಚಾಯ್ತಿ ಅಧ್ಯಕ್ಷರಿಗೆ ದೂರು ಕೊಟ್ಟಿದ್ದರು. ಬಂದು ನೋಡಿ ತೀರ್ಮಾನ ಹೇಳುತ್ತೇನೆ ಎಂದಿದ್ದರು ಅಧ್ಯಕ್ಷರು.

ಮೊದಲ ದಿನ ಲೈಬ್ರರಿಯ ವನಜಾ ಮೇಡಂ, "ಇಲ್ಲಿಗೆ ಬಂದದ್ದಕ್ಕೆಲ್ಲ ಮೊಹರು ಬೀಳಬೇಕು ಮುದ್ದಯ್ಯ" ಎಂದರು. ಪುಸ್ತಕಕ್ಕೆ ಹೊಡೆದ. ಕನ್ನಡಕದ ಗಾಜಿಗೂ ಹೊಡೆದ. ಹಾಕಿಕೊಂಡ ಹುಡುಗರಿಗೆ ಆಕಾಶದಲ್ಲಿ ಸೂರ್ಯನ ಜಾಗದಲ್ಲಿ ಲೈಬ್ರರಿಯ ನೇರಳೆ ಮೊಹರು ಕಂಡಿತು.

ಚೌಡಮ್ಮ ಹಣೆ ಚಚ್ಚಿಕೊಂಡಳು. "ಅಲ್ವೋ, ಮೊಹರಿನ ಉಸಾಬರಿ ನಿಂಗ್ಯಾಕೆ? ಗಲಾಟೆ ಮಾಡಿದ್ದನ್ನ ಹೊರಗೆ ಹಾಕು, ಸಾಕು."

"ಹೂಂ ಕಣಮ್ಮ."

ಮಾರನೇ ದಿನ ಹುಡುಗರು ಉಸಿರು ಬಿಗಿಹಿಡಿದು ಆಡುತ್ತಿದ್ದರು. ಟಿವಿ ಮಾತ್ರ ಢಮ್ ಢಮಾರ್ ಎನ್ನುತ್ತಿತ್ತು. ಮುದ್ದಯ್ಯ ಟಿವಿಯನ್ನು ಎತ್ತಿಕೊಂಡು ಹೋಗಿ ಹೊರಗೆ ಚಪ್ಪಲಿಗಳ ಪಕ್ಕ ಕೂರಿಸಿ ಬಂದ.

"ಟಿವಿ ಎಲ್ಲಯ್ಯ?" ಎಂದರು ಮೇಡಂ.

"ಹೊರಗೆ ಹಾಕಿದೀನಿ ಮೇಡಂ. ಸುಮ್ಮನಾದ ಮೇಲೆ ಒಳಗೆ ಬಿಡೋಣ."

"ನಿನ್ನ ಕಟ್ಟಿಕೊಂಡು ನಾನು ಏಗಿದ ಹಾಗೇ ಇದೆ. ಸಾಮಾನು ಮುಟ್ಟಬೇಡ. ಜನಾನ ನೋಡ್ಕೋ. ಯಾರಾದ್ರೂ ಕಷ್ಟದಲ್ಲಿದ್ರೆ ಕಾಪಾಡು."

"ಹೂಂ ಮೇಡಂ."

ಅಧ್ಯಕ್ಷರು ಬರುವ ಹಿಂದಿನ ದಿನ ಮೇಷ್ಟ್ರೇ ಕೋಣೆಗೆ ನುಗ್ಗಿದರು. "ಅದೇನಿದೆ ಇದರಲ್ಲಿ, ನೋಡೇಬಿಡ್ತೀನಿ" ಎಂದು ಕನ್ನಡಕ ಕಟ್ಟಿಕೊಂಡರು. ಆಟದಲ್ಲಿ ಒಂದು ತೂಗುಸೇತುವೆ, ಕೆಳಗೆ ಹೊಳೆ. ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ, "ಅಯ್ಯೋ, ಬಿದ್ನಲ್ಲಪ್ಪ, ಮುಳುಗ್ತಾ ಇದೀನಿ" ಎಂದರು. ಮುದ್ದಯ್ಯ ಅವರನ್ನು ಎತ್ತಿ ತಂದು ಓದುವ ಮೇಜಿನ ಮೇಲೆ ಬೋರಲು ಮಲಗಿಸಿ, ಕುಡಿದ ನೀರೆಲ್ಲ ಬರಲೆಂದು ಬೆನ್ನು ಒತ್ತಿದ. ನೀರು ಬರಲಿಲ್ಲ. ಬೆಳಗಿನ ಉಪ್ಪಿಟ್ಟು ಬರುವುದರಲ್ಲಿತ್ತು.

"ಹೋಯ್ತು, ಈ ಕೆಲಸಾನೂ ಹೋಯ್ತು" ಎಂದಳು ಚೌಡಮ್ಮ. "ನಾಳೆ ಮೇಷ್ಟ್ರು ಏನು ಹೇಳ್ತಾರೋ ಅಷ್ಟು ಮಾಡು. ಅವರ ಮಾತು ಮೀರಿದ್ಯೋ, ನಿಂಗೆ ಅನ್ನ ಇಲ್ಲ."

"ಹೂಂ ಕಣಮ್ಮ."

ಮಾರನೇ ದಿನ ಬಂದ ಮೇಷ್ಟ್ರು ಪೇಪರ್ ಮುಟ್ಟಲಿಲ್ಲ. ಮುದ್ದಯ್ಯನ ಕಿವಿಯ ಹತ್ತಿರ ಬಗ್ಗಿದರು.

"ಲೋ, ಆ ಹೊಳೆ ಆಚೆ ಒಂದು ಕೋಟೆ ಇತ್ತು ಕಣೋ. ಅದರೊಳಗೆ ಏನಿದೆಯೋ ಅಂತ ನಿದ್ದೇನೇ ಬರಲಿಲ್ಲ. ನಾನು ಆಡೋದನ್ನ ಒಬ್ಬರೂ ನೋಡಬಾರದು. ತಿಳೀತಾ?"

"ಹೂಂ ಮೇಷ್ಟ್ರೇ."

ಚೌಡಮ್ಮ ಬುತ್ತಿ ಹಿಡಿದು ಬಂದು ನೋಡುತ್ತಾಳೆ, ಪೇಪರ್ ಓದುವವರೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸಾಲಾಗಿ ಕೂತಿದ್ದಾರೆ. ಕೈಯಲ್ಲಿ ಪೇಪರ್ ಬಿಡಿಸಿದ್ದು ಬಿಡಿಸಿದ ಹಾಗೇ ಇದೆ. ಮೇಷ್ಟ್ರ ಅಪ್ಪಣೆ ಎಂದ ಮೇಲೆ, ಅವರ ಬೆತ್ತದ ರುಚಿ ಕಂಡಿದ್ದವರು ಯಾರೂ ಎದುರಾಡಿರಲಿಲ್ಲ. ವನಜಾ ಮೇಡಂ ಕೂಡ ತಮ್ಮ ವೇಲನ್ನೇ ಕಟ್ಟಿಕೊಂಡಿದ್ದರು. ಆಗಷ್ಟೇ ಬಂದ ಅಧ್ಯಕ್ಷರಿಗೆ ಮುದ್ದಯ್ಯ ಹಿಂದಿನಿಂದ ಟವಲ್ ಬಿಗಿಯುತ್ತಿದ್ದ.

"ಏನೋ ಇದು?" ಎಂದರು ಅಧ್ಯಕ್ಷರು.

"ತಿಮ್ಮರಸು ಮೇಷ್ಟ್ರು ಒಳಗೆ ಆಟ ಆಡ್ತಾ ಇದಾರೆ ಸ್ವಾಮಿ. ಯಾರೂ ನೋಡಬಾರದಂತೆ."

"ಸಿಕ್ತು, ಕೋಟೆ ಬಾಗಿಲು ಸಿಕ್ತು" ಎಂದಿತು ಒಳಗಿಂದ ಮೇಷ್ಟ್ರ ದನಿ.

ಅಧ್ಯಕ್ಷರು ಟವಲಿನೊಳಗೇ ನಕ್ಕರು. "ದೂರು ಕೊಟ್ಟವರೇ ಒಳಗಿದ್ದ ಮೇಲೆ ನಂದೇನು ತೀರ್ಮಾನ? ಕೋಣೆ ಇರಲಿ, ಇವನೂ ಇರಲಿ. ಬಿಚ್ಚಪ್ಪ ಇನ್ನು."

"ಎಲ್ಲಿ ಆಗ್ತದೆ ಸ್ವಾಮಿ, ಮೇಷ್ಟ್ರು ಈಗಿನ್ನೂ ಕೋಟೆ ಒಳಗೆ ಕಾಲಿಟ್ಟಿದಾರೆ" ಎಂದ ಮುದ್ದಯ್ಯ ಇನ್ನೊಂದು ಗಂಟು ಹಾಕಿದ. ಆಮೇಲೆ ತಾಯಿಯ ಕಡೆ ತಿರುಗಿದ.

"ಅಮ್ಮ, ನಿನ್ನ ಸೆರಗು ಇಲ್ಲಿ ಕೊಡು."