ಉಸಿರಿನ ಕಿಂಡಿ

ಭೂಮಿಯ ದಕ್ಷಿಣದ ತುದಿಯಲ್ಲಿ, ಹೆಪ್ಪುಗಟ್ಟಿದ ಕಡಲಿನ ಮೇಲೆ, ಒಂದು ಹಲಗೆಯ ಗುಡಿಸಲಿತ್ತು. ಅದರಲ್ಲಿ ಒಬ್ಬ ಗುರು, ಒಬ್ಬಳು ಶಿಷ್ಯೆ.

ಗುರುಗಳ ಹೆಸರು ಸಂಗನಬಸಪ್ಪ, ಊರು ಬಾದಾಮಿಯ ಕಡೆ. ಗಡ್ಡ ಎದೆಯವರೆಗೆ ಇಳಿದಿತ್ತು. ವೈರಾಗ್ಯದಿಂದ ಬಿಟ್ಟದ್ದೇನೂ ಅಲ್ಲ, ಕ್ಷೌರಕ್ಕೆಂದು ಹಿಮ ಕರಗಿಸಿ ನೀರು ಕಾಯಿಸಲು ಬೇಸರ. ಶಿಷ್ಯೆ ಜಾನಕಿ ಖಾರ್ವಿ, ಹೊನ್ನಾವರದ ಮೀನುಗಾರರ ಮಗಳು.

ಆ ಮಂಜುಗಡಲಲ್ಲಿ ಬದುಕುವ ಸೀಲ್ ಎಂಬ ಪ್ರಾಣಿಗಳು ಏನು ತಿನ್ನುತ್ತವೆ, ಅದನ್ನು ಹೇಗೆ ಹುಡುಕುತ್ತವೆ ಎಂದು ತಿಳಿಯುವುದೇ ಇವರ ತಪಸ್ಸು. ತಪಸ್ಸು ಎಂದರೆ ಮತ್ತೇನಲ್ಲ, ಸೀಲ್‌ಗಳ ಲದ್ದಿ ಹೆಕ್ಕಿ ತಂದು, ಬಿಸಿನೀರಲ್ಲಿ ಕದಡಿ, ಜರಡಿ ಹಿಡಿಯುವುದು. ಮೀನಿನ ಕಿವಿಯೊಳಗಿರುವ ಪುಟ್ಟ ಕಲ್ಲುಗಳು ಜರಡಿಯಲ್ಲಿ ಉಳಿಯುತ್ತವೆ. ಆ ಕಲ್ಲು ನೋಡಿ, ಯಾವ ಮೀನು, ಎಷ್ಟು ದೊಡ್ಡದು ಎಂದು ಗುರುಗಳು ಹೇಳುತ್ತಿದ್ದರು.

ಗುಡಿಸಲಿನಿಂದ ಸ್ವಲ್ಪ ದೂರದಲ್ಲಿ ಒಂದು ಮುದಿ ಸೀಲ್ ಇತ್ತು. ಯಾವ ಪ್ರಾಣಿಗೂ ಹೆಸರಿಡಬಾರದು ಎಂದು ಗುರುಗಳು ಹೇಳಿದ್ದರು. ಜಾನಕಿ ಗುರುಗಳಿಗೆ ಕೇಳದಂತೆ ಅದನ್ನು ಅಜ್ಜಿ ಎಂದು ಕರೆಯುತ್ತಿದ್ದಳು.

ಅಜ್ಜಿ ಬೇಟೆಯಲ್ಲಿ ಜಾಣೆ. ಮಂಜಿನ ಬಿರುಕಿನಲ್ಲಿ ಅಡಗಿದ ಸಣ್ಣ ಮೀನುಗಳಿಗೆ ಕೆಳಗಿನಿಂದ ಉಫ್ ಎಂದು ಗಾಳಿ ಊದಿ, ಗಾಬರಿಯಾಗಿ ಹೊರಬಂದವನ್ನು ಹಿಡಿಯುತ್ತಿತ್ತು. ನೀರಿಗಿಳಿಸುವ ಕ್ಯಾಮೆರಾದಲ್ಲಿ ಅದನ್ನು ಕಂಡ ದಿನ ಜಾನಕಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಆದರೆ ಕೆಲವು ದಿನಗಳಿಂದ ಅಜ್ಜಿಯ ಲದ್ದಿಯಲ್ಲಿ ಕಲ್ಲುಗಳೇ ಇರಲಿಲ್ಲ. ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು.

"ಕೆಳಗೆ ಕಡಲು ತುಂಬ ಮೀನಿದೆ. ಇದು ಯಾಕೆ ಉಪವಾಸ ಬಿದ್ದಿದೆ?" ಎಂದು ಜಾನಕಿ ಕೇಳಿದಳು.

ಗುರುಗಳು ಅವಳನ್ನು ಅಜ್ಜಿಯ ಕಿಂಡಿಯ ಬಳಿಗೆ ಕರೆದೊಯ್ದರು. ಸೀಲ್ ನೀರಿಗೆ ಇಳಿಯುವುದೂ ಉಸಿರಿಗೆ ಮೇಲೆ ಬರುವುದೂ ಮಂಜಿನಲ್ಲಿರುವ ಇಂಥ ಕಿಂಡಿಯಿಂದಲೇ. ಚಳಿಗೆ ಅದು ಸದಾ ಮುಚ್ಚಿಕೊಳ್ಳುತ್ತಿರುತ್ತದೆ. ಸೀಲ್ ತಲೆಯನ್ನು ಅತ್ತಿತ್ತ ಬೀಸಿ ಹಲ್ಲಿನಿಂದ ಮಂಜು ಕೆರೆದು ತೆರೆದಿಡಬೇಕು. ಅಜ್ಜಿಯ ಕಿಂಡಿ ಬುಟ್ಟಿಯ ಬಾಯಿಗಿಂತ ಸಣ್ಣದಾಗಿತ್ತು. ಒಳಗಿಳಿದರೆ ಮತ್ತೆ ಮೇಲೆ ಬರುವ ಭರವಸೆ ಇಲ್ಲದೆ ಅಜ್ಜಿ ಅದರ ಪಕ್ಕದಲ್ಲೇ ಮಲಗಿತ್ತು. ಆಕಳಿಸಿದಾಗ ಬಾಯಲ್ಲಿ ಮೊಂಡು ಬೇರುಗಳಷ್ಟೇ ಕಂಡವು.

"ಇವು ಮೀನಿಲ್ಲದ ಸಾಯೂದಿಲ್ಲ. ಹಲ್ಲಿಲ್ಲದ ಸಾಯ್ತಾವ," ಎಂದರು ಗುರುಗಳು.

ಬೇರೆ ಸೀಲ್‌ನ ಕಿಂಡಿಗೆ ಹೋಗಬಾರದೇ ಎಂದು ಜಾನಕಿ ಕೇಳಿದಳು. ಹೋದರೆ ಅವು ಕಚ್ಚಿ ಓಡಿಸುತ್ತವೆ ಎಂದರು ಗುರುಗಳು.

ಹಲ್ಲಿನ ಮಾತು ಗುರುಗಳಿಗೆ ಚೆನ್ನಾಗಿ ಗೊತ್ತಿತ್ತು. ಆ ಚಳಿಗಾಲದಲ್ಲಿ ತಮ್ಮ ಹಲ್ಲಿನ ಸೆಟ್ಟನ್ನು ಮಲಗುವಾಗ ಲೋಟದ ನೀರಿನಲ್ಲಿಟ್ಟಿದ್ದರು. ಬೆಳಗಾಗುವಷ್ಟರಲ್ಲಿ ನೀರು ಗಡ್ಡೆಕಟ್ಟಿ ಸೆಟ್ಟು ಎರಡು ಹೋಳಾಗಿತ್ತು. ಮಂಜಿನ ಮೇಲೆ ಮೂವತ್ತು ವರ್ಷ ಕಳೆದವರು ಮಾಡುವ ಕೆಲಸವೇ ಅದು? ಊರಿನಿಂದ ತಂದ ಜೋಳದ ಖಡಕ್ ರೊಟ್ಟಿ ಡಬ್ಬಿ ತುಂಬ ಇತ್ತು, ಕಡಿಯುವ ಹಲ್ಲಿರಲಿಲ್ಲ. ಅಂದಿನಿಂದ ಜಾನಕಿ ದಿನವೂ ರೊಟ್ಟಿ ಮುರಿದು, ಬಿಸಿ ಸಾರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಅವರ ಮುಂದಿಡುತ್ತಿದ್ದಳು. ಅವರು ತಲೆ ಎತ್ತದೆ ತಿನ್ನುತ್ತಿದ್ದರು.

ಮರುದಿನ ಜಾನಕಿ ಮಂಜು ಕೊಯ್ಯುವ ಗರಗಸ ಕೇಳಿದಳು.

ನೋಡುವುದಷ್ಟೇ ನಮ್ಮ ಕೆಲಸ, ಕೈ ಹಾಕುವುದಲ್ಲ ಎಂದು ಮೊದಲ ದಿನವೇ ಹೇಳಿದ್ದ ಗುರುಗಳು ಎದ್ದು ಹೋಗಿ ಗರಗಸ ತಂದರು. ಕೊಡುವ ಮುಂಚೆ ಒಂದು ಕ್ಷಣ ಹಿಡಿದುಕೊಂಡರು.

"ನಾಳೆ ಯಾರು ಕೊಯ್ತಾರ?"

"ನಾನು."

"ನಾಡದು?"

"ನಾನೇ."

ಅವರು ಗರಗಸ ಬಿಟ್ಟರು.

ಜಾನಕಿ ಹಳೆಯ ಕಿಂಡಿಯಿಂದ ತುಸು ದೂರದಲ್ಲಿ, ಮಂಜು ತೆಳ್ಳಗಿದ್ದ ಕಡೆ, ಅಗಲವಾದ ಹೊಸ ಕಿಂಡಿ ಕೊಯ್ದಳು. ಅಜ್ಜಿ ಬಂದು ಮೂಸಿತು. ತಲೆ ಹಾಕಿತು, ಮೈ ಹಾಕಿತು, ನೀರಿನಲ್ಲಿ ಮಾಯವಾಯಿತು. ಬಹಳ ಹೊತ್ತಿನ ಮೇಲೆ ಅದೇ ಕಿಂಡಿಯಲ್ಲಿ ಬುಸ್ಸೆಂದು ಎದ್ದಾಗ ಬಾಯಿಯ ಅಂಚಿನಲ್ಲಿ ಮೀನಿನ ಬಾಲವಿತ್ತು. ಜಾನಕಿಗೆ ಆದ ಸಂತೋಷ ಹೇಳತೀರದು.

ದಿನವೂ ಬೆಳಿಗ್ಗೆ ಅವಳು ಕಿಂಡಿಯ ಅಂಚು ಕೊಯ್ದು ಅಗಲ ಮಾಡುತ್ತಿದ್ದಳು. ಜರಡಿಯಲ್ಲಿ ಮತ್ತೆ ಕಲ್ಲುಗಳು ಬಿದ್ದವು, ದೊಡ್ಡ ಮೀನಿನವೂ ಬಿದ್ದವು. ಅಜ್ಜಿಯ ಬೆನ್ನಿನ ಮೂಳೆ ಮುಚ್ಚಿತು. ಹಳೆಯ ಕಿಂಡಿಯ ಕಡೆ ಅದು ತಿರುಗಿಯೂ ನೋಡಲಿಲ್ಲ. ಆ ಕಿಂಡಿ ಮುಚ್ಚಿಹೋಯಿತು.

ಅದನ್ನು ಜಾನಕಿ ಗಮನಿಸಲಿಲ್ಲ. ಗುರುಗಳು ಗಮನಿಸಿದರು, ಸುಮ್ಮನಿದ್ದರು.

ಆಮೇಲೆ ಗಾಳಿ ಬಂತು.

ಅದು ನಮ್ಮ ಕಡೆಯ ಗಾಳಿಯಲ್ಲ. ಬಾಗಿಲು ತೆರೆದರೆ ಬಿಳಿ ಗೋಡೆ, ಚಾಚಿದ ಕೈ ಕಾಣದು. ಸೀಲ್‌ಗಳು ಇಂಥ ಗಾಳಿಯಲ್ಲಿ ಮೇಲಿರುವುದಿಲ್ಲ, ನೀರಿನಲ್ಲೇ ಇದ್ದು ಕಿಂಡಿಯಲ್ಲಿ ಮೂಗು ತೂರಿಸಿ ಉಸಿರಾಡುತ್ತವೆ. ಅಜ್ಜಿಯೂ ಕೆಳಗೇ ಇತ್ತು.

ಮೊದಲ ದಿನ ಹೇಗೋ ಕಳೆಯಿತು. ಎರಡನೆಯ ದಿನ ಜಾನಕಿ ಗರಗಸ ಹಿಡಿದು ಬಾಗಿಲಿಗೆ ನಿಂತಳು. ಗುರುಗಳು ಬೇಡವೆನ್ನಲಿಲ್ಲ. ಹಗ್ಗದ ಒಂದು ತುದಿಯನ್ನು ಬಾಗಿಲಿಗೂ ಇನ್ನೊಂದನ್ನು ಅವಳ ಸೊಂಟಕ್ಕೂ ಕಟ್ಟಿದರು. ಗುಡಿಸಲಲ್ಲಿ ಇದ್ದದ್ದೇ ಅಷ್ಟು ಹಗ್ಗ. ಅದು ಮುಗಿಯುವವರೆಗೆ ಅವಳು ತೆವಳಿಕೊಂಡು ಹೋದಳು. ಕಿಂಡಿ ಇನ್ನೂ ಮುಂದೆಲ್ಲೋ ಇತ್ತು. ಗಂಟು ಬಿಚ್ಚಲು ನೋಡಿದಳು, ಮರಗಟ್ಟಿದ ಬೆರಳು ಬಾಗಲಿಲ್ಲ. ಗುರುಗಳು ಹಗ್ಗ ಎಳೆದು ಅವಳನ್ನು ಒಳಗೆ ತಂದುಕೊಂಡರು.

ಅಂದು ಸಂಜೆ ನೆಲದಡಿಯಿಂದ ಸದ್ದು ಕೇಳಿಸಿತು. ಕರ್, ಕರ್ ಎಂದು ಕೆರೆಯುವ ಸದ್ದು. ಮಂಜು ಸದ್ದನ್ನು ದೂರದಿಂದ ಹೊತ್ತು ತರುತ್ತದೆ. ಗುರುಗಳು ನೆಲಕ್ಕೆ ಕಿವಿ ಇಟ್ಟು ಮಲಗಿದರು.

"ನಿಮ್ಮ ಅಜ್ಜಿ," ಎಂದರು. ಆ ಹೆಸರು ಅವರಿಗೂ ಗೊತ್ತಿತ್ತು.

ಜಾನಕಿ ನೆಲದ ಹಲಗೆ ಕೀಳತೊಡಗಿದಳು. ಗುಡಿಸಲ ಕೆಳಗಿನ ಮಂಜು ಆಳುದ್ದ ದಪ್ಪವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಗುರುಗಳು ಎದುರು ಕೂತು ಇನ್ನೊಂದು ಹಲಗೆ ಕಿತ್ತರು. ಅವಳು ಕೊಯ್ದಳು. ಗರಗಸ ಹಿಡಿಯವರೆಗೆ ಇಳಿಯಿತು, ಒಂದು ಹನಿ ನೀರು ಬರಲಿಲ್ಲ. ಅವಳು ಕೊಯ್ಯುತ್ತಲೇ ಇದ್ದಳು. ಕೆಳಗಿನ ಸದ್ದು ಬಿಟ್ಟು ಬಿಟ್ಟು ಬಂತು. ಆಮೇಲೆ ಬರಲಿಲ್ಲ.

ಗುರುಗಳು ಅವಳ ಕೈಯಿಂದ ಗರಗಸ ತೆಗೆದಿಟ್ಟರು.

ಗಾಳಿ ನಿಂತ ಮೇಲೆ ಇಬ್ಬರೂ ಹೋದರು. ಜಾನಕಿಯ ಕಿಂಡಿ ಮುಚ್ಚಿ ಗಾಜಿನಂತಾಗಿತ್ತು. ಅದರ ಕೆಳಗೆ, ಮೂಗು ಮೇಲೆ ಮಾಡಿಕೊಂಡು, ಅಜ್ಜಿ ಇತ್ತು.

ಕೊಯ್ದು ಮೇಲೆ ಎಳೆದರು. ಮಂಜಿನ ಒಳಮೈಯಲ್ಲಿ ಮೊಂಡು ಹಲ್ಲಿನ ಗೀರುಗಳಿದ್ದವು. ಹಳೆಯ ಕಿಂಡಿಯ ಪಕ್ಕದಲ್ಲಿ ಮಂಜು ಕೊಯ್ದು ಕ್ಯಾಮೆರಾ ಇಳಿಸಿ ನೋಡಿದರು, ಒಂದು ಗೀರೂ ಇರಲಿಲ್ಲ. ಅಜ್ಜಿ ಅಲ್ಲಿಗೆ ಹೋಗಿರಲೇ ಇಲ್ಲ. ಜಾನಕಿ ತೆರೆಯುತ್ತಾಳೆಂದು ನಂಬಿ ಇಲ್ಲೇ ಕಾದಿತ್ತು.

ಸತ್ತ ಸೀಲ್‌ನ ಹೊಟ್ಟೆ ನೋಡುವುದು ಅವರ ಕೆಲಸದ ಕ್ರಮ. ಗುರುಗಳೇ ಕೊಯ್ದರು. ಹೊಟ್ಟೆ ತುಂಬ ಮೀನಿತ್ತು. ಕೆಲವು ಇನ್ನೂ ಬೆಳ್ಳಗೆ ಹೊಳೆಯುತ್ತಿದ್ದವು.

ಜಾನಕಿ ಆ ದಿನ ಅಡುಗೆ ಮಾಡಲಿಲ್ಲ, ಸಾರು ಕಾಯಿಸಲಿಲ್ಲ. ಕಿತ್ತುಹಾಕಿದ ನೆಲದ ಪಕ್ಕ ಕೂತಿದ್ದಳು. ಕತ್ತಲಾಗುವ ಹೊತ್ತಿಗೆ ಮಾತಾಡಿದಳು.

"ನಾನು ಕೊಯ್ಯದೇ ಇದ್ದಿದ್ದರೆ?"

"ಹೋದ ತಿಂಗಳ ಸಾಯ್ತಿತ್ತು, ಹಸಕೊಂಡು."

"ಕೊಯ್ದಿದ್ದಕ್ಕೆ?"

"ಈ ತಿಂಗಳ ಸತ್ತಿತು."

"ಹಾಗಾದರೆ ಏನು ಮಾಡಬೇಕಿತ್ತು ನಾನು?"

ಗುರುಗಳು ಗೊತ್ತಿಲ್ಲ ಎಂದರು. ಮೂವತ್ತು ವರ್ಷದಿಂದ ಗೊತ್ತಿಲ್ಲ ಎಂದರು.

ಜಾನಕಿಗೆ ಆಗ ಸಿಟ್ಟು ಬಂತು. ಎಂದೂ ಗುರುಗಳಿಗೆ ಎದುರಾಡದವಳು ಮುಖ ಎತ್ತಿ ಕೇಳಿದಳು.

"ಹೀಗೇ ಆಗುತ್ತೆ ಅಂತ ನಿಮಗೆ ಗೊತ್ತಿತ್ತು. ಹಳೇ ಕಿಂಡಿ ಮುಚ್ಚಿದ್ದನ್ನೂ ನೋಡಿದ್ದಿರಿ. ಬೇಡ ಅಂತ ಒಂದು ಮಾತು ಯಾಕೆ ಹೇಳಲಿಲ್ಲ?"

ಗುರುಗಳು ಡಬ್ಬಿಯಿಂದ ಒಂದು ಒಣ ರೊಟ್ಟಿ ತೆಗೆದರು. ಅದರ ಅಂಚನ್ನು ಬಾಯಿಗಿಟ್ಟು ವಸಡಿನಿಂದ ಒತ್ತಿದರು. ಮತ್ತೆ ಒತ್ತಿದರು. ಅದು ಮುರಿಯಲಿಲ್ಲ. ಹೊರತೆಗೆದು, ಅಂಚಿಗೆ ಅಂಟಿದ್ದ ರಕ್ತವನ್ನು ಹೆಬ್ಬೆರಳಿನಿಂದ ಒರೆಸಿ, ಇಡೀ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು.

"ಆವಾಗ ನಾನೂ ನೀ ನೆನಸಿ ಕೊಟ್ಟದ್ದನ್ನ ತಿನ್ನಾಕತ್ತಿದ್ದೆ, ಜಾನಕಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."