ಮಗಳ ಮದುವೆಯ ಮೊದಲ ಕುಣಿತ

“ಗುರುಗಳೇ, ದೊಡ್ಡ ಮನೆಯ ಹೆಣ್ಣನ್ನು ಮದುವೆಯಾದರೆ ನಾನೂ ದೊಡ್ಡವನಾಗುತ್ತೇನೆಯೇ?” ಎಂದು ಶಿಷ್ಯ ಕೇಳಿದ. ಲಗ್ನಪತ್ರಿಕೆ ಕೊಡಲು ಬಂದಿದ್ದ. ಜೊತೆಯಲ್ಲಿ ಬಂದ ಮುದುಕರೊಬ್ಬರು ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತಿದ್ದರು.

ಗುರುಗಳು ಪತ್ರಿಕೆಯನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ನಾನೂರು ಐನೂರು ವರ್ಷಗಳ ಹಿಂದೆ ಯುರೋಪಿನ ಒಂದು ಪಟ್ಟಣದಲ್ಲಿ ಚರ್ಮದ ವ್ಯಾಪಾರಿಯೊಬ್ಬನಿದ್ದ. ಕೈತುಂಬ ಸಂಪಾದಿಸಿದ್ದ. ಆದರೆ ಆ ಊರಿನಲ್ಲಿ ಹಣವಿದ್ದವರೆಲ್ಲ ದೊಡ್ಡವರಲ್ಲ. ಪುರಭವನದ ಮಹಡಿಯಲ್ಲಿ ಯಾವ ಮನೆತನ ತಲೆತಲಾಂತರದಿಂದ ಕುಣಿಯುತ್ತ ಬಂದಿದೆಯೋ ಅದೇ ದೊಡ್ಡದು. ಮಿಕ್ಕವರು ಮೆಟ್ಟಿಲು ಹತ್ತುವ ಹಾಗಿಲ್ಲ. ಎಂಥ ನ್ಯಾಯ ನೋಡು, ಕಾಲು ನೋಡಿ ಕುಲ ಹೇಳುತ್ತಿದ್ದರು!

ವ್ಯಾಪಾರಿಗೆ ಒಬ್ಬಳೇ ಮಗಳು, ಉರ್ಸುಲಾ. ಕುಣಿಯುವ ಮನೆತನದ ಹುಡುಗನೊಬ್ಬ ಅವಳನ್ನು ಮೆಚ್ಚಿದ, ಮದುವೆ ನಿಶ್ಚಯವಾಯಿತು. ವ್ಯಾಪಾರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮದುವೆಯ ದಿನ ಮಗಳೊಡನೆ ಮೊದಲ ಕುಣಿತ ತಂದೆಯದು ಎಂಬುದು ಅಲ್ಲಿಯ ಪದ್ಧತಿ. ಅವನಿಗಿದ್ದದ್ದು ಅದೊಂದೇ ಆಸೆ. ನಾಟ್ಯದ ಮೇಷ್ಟರನ್ನು ಗೊತ್ತುಮಾಡಿಕೊಂಡು, ಗೋದಾಮಿನ ತೊಗಲಿನ ರಾಶಿಗಳ ನಡುವೆ, ಒಂದು ವರ್ಷ ಹೆಜ್ಜೆ ಕಲಿತ. ಆಳುಗಳು ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕರು. ಅವನೂ ನಕ್ಕ, ಕಲಿಯುವುದನ್ನು ಬಿಡಲಿಲ್ಲ.

ಮದುವೆಯ ದಿನ ಮಗಳು ಬೀಗರ ಜೊತೆ ಮುಂದಾಗಿ ಪುರಭವನದ ಮಹಡಿಗೆ ಹೋಗಿದ್ದಳು. ಹಿಂದೆ ಬಂದ ತಂದೆಯನ್ನು ಕಾವಲುಗಾರ ಮೆಟ್ಟಿಲ ಬುಡದಲ್ಲೇ ತಡೆದ. ಮದುವೆಯಿಂದ ಮಗಳು ಆ ಮನೆತನದವಳಾದಳು, ನೀನು ಆಗಲಿಲ್ಲವಲ್ಲ ಎಂದ. ಪಾಪ, ವ್ಯಾಪಾರಿಗೆ ಇದು ಹೊಳೆದೇ ಇರಲಿಲ್ಲ. ಹಿಂದಿರುಗಿ ಮಾರುಕಟ್ಟೆಯ ಬೀದಿಗೆ ಬಂದು ನಿಂತ.

ಮೇಲೆ ವಾದ್ಯ ಶುರುವಾಯಿತು. ಒಂದು ವರ್ಷ ಪಳಗಿದ ಕಾಲು ಸುಮ್ಮನಿದ್ದೀತೇ? ಕೋಸು ಮಾರುವ ಹೆಂಗಸರ ನಡುವೆ, ಮಗಳ ಕೈ ಹಿಡಿದವನಂತೆ ಕೈ ಚಾಚಿಕೊಂಡು, ಅವನೊಬ್ಬನೇ ಹೆಜ್ಜೆ ಹಾಕತೊಡಗಿದ.

ತಂದೆಗಾಗಿ ಕಾದು ಕಾದು ಕಿಟಕಿಗೆ ಬಂದ ಉರ್ಸುಲಾ ಅದನ್ನು ಕಂಡಳು. ನೆರಿಗೆ ಎತ್ತಿ ಹಿಡಿದು ದಡದಡನೆ ಇಳಿದಳು. ಬೀದಿಯಲ್ಲಿ ಕುಣಿದವರಿಗೆ ಮತ್ತೆ ಮಹಡಿಯಿಲ್ಲ ಎಂದು ಕಾವಲುಗಾರ ಎಚ್ಚರಿಸಿದ. ಅವಳು ನಿಲ್ಲದೆ ಹೋಗಿ ತಂದೆಯ ಕೈ ಹಿಡಿದಳು. ಹಿಂದೆಯೇ ಗಂಡ ಬಂದ. ಅವನ ಹಿಂದೆ ಕೋಲೂರಿಕೊಂಡು ಅವನ ಅಜ್ಜಿ ಬಂದಳು.

“ಐವತ್ತು ವರ್ಷ ಮೇಲೆ ಬರೀ ಗಂಭೀರವಾಗಿ ನಡೆದಾಡಿದ್ದೇನೆ,” ಎಂದಳು ಅಜ್ಜಿ. “ಬೀಗರೇ, ನನಗೂ ಒಂದಿಷ್ಟು ಕುಣಿಯಲು ಹೇಳಿಕೊಡಿ.”

ಆಮೇಲೆ ಕೇಳಬೇಕೇ! ನೆಂಟರು ಇಳಿದರು, ವಾದ್ಯದವರು ಇಳಿದರು, ಕೋಸಿನ ಬುಟ್ಟಿಗಳು ಉರುಳಿದವು. ಬರಿದಾದ ಮಹಡಿಯನ್ನು ಕಾವಲುಗಾರನೊಬ್ಬನೇ ಸಂಜೆಯವರೆಗೂ ಬಲು ಶ್ರದ್ಧೆಯಿಂದ ಕಾವಲು ಕಾದ.

ಶಿಷ್ಯ ಬಿದ್ದು ಬಿದ್ದು ನಕ್ಕ. ಹಾಗಾದರೆ ಕೊನೆಗೆ ದೊಡ್ಡವರಾದದ್ದು ಯಾರು, ಉರ್ಸುಲಾಳೋ ಅಜ್ಜಿಯೋ ಎಂದು ಕೇಳಿದ.

ಗುರುಗಳು ಬಾಗಿಲ ಕಡೆ ನೋಡಿ, “ಹೊರಗೆ ಕುಳಿತವರು ನಿನ್ನ ತಂದೆಯಲ್ಲವೇನಪ್ಪಾ?” ಎಂದರು.