ಓಪನರ್‌ನ ಗೆಳೆಯ

ವಾಮನ ಖಾರ್ವಿಯ ದೋಣಿಯಲ್ಲಿ ಆಪತ್ಕಾಲಕ್ಕೆಂದು ಇಟ್ಟಿದ್ದ ಪೆಟ್ಟಿಗೆಯೊಳಗೆ ಡಬ್ಬಿ ಕೊಯ್ದು ತೆರೆಯುವ ಒಂದು ಪುಟ್ಟ ಓಪನರ್ ಮತ್ತು ಬೇಯಿಸಿದ ಕಡಲೆ ತುಂಬಿ ಮುಚ್ಚಿದ ತಗಡಿನ ಡಬ್ಬಿ ಬಹುಕಾಲ ಜೊತೆಗಿದ್ದು ಗೆಳೆಯರಾಗಿದ್ದವು. ಒಮ್ಮೆ ನಡುಗಡಲಲ್ಲಿ ಎಂಜಿನ್ ಕೆಟ್ಟಿತು. ಹಸಿವಿನಿಂದ ಕಂಗೆಟ್ಟ ವಾಮನ ಓಪನರನ್ನು ಡಬ್ಬಿಯ ಅಂಚಿಗೆ ಒತ್ತಿದ. ಓಪನರ್ ಬೇಕೆಂದೇ ಜಾರಿತು.

“ಯಾಕೆ ಜಾರಿದೆ?” ಎಂದು ಡಬ್ಬಿ ಕೇಳಿತು.

“ನಿನ್ನನ್ನು ಕೊಯ್ಯಲು ನನ್ನಿಂದಾಗದು.”

“ಅವನು ಹಸಿದಿದ್ದಾನೆ, ನೋಡು. ನನ್ನೊಳಗಿರುವುದು ಅವನ ತುತ್ತು. ಕೊಯ್ಯಿ.”

ಓಪನರ್ ಕೊಯ್ದಿತು. ಆ ಕಡಲೆ ತಿಂದು, ಬೇರೆ ದೋಣಿ ಬರುವವರೆಗೂ ವಾಮನ ಬದುಕಿ ಉಳಿದ. ಖಾಲಿ ಡಬ್ಬಿಯನ್ನು ಕಡಲಿಗೆ ಎಸೆದ.

ದಡ ಸೇರಿದ ಮೇಲೆ ಅವನು ಓಪನರನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಹೊಸ ಡಬ್ಬಿಯೊಂದನ್ನು ಇರಿಸಿದ.

“ಇನ್ನು ನಾವಿಬ್ಬರೂ ಜೊತೆಗಾರರು,” ಎಂದಿತು ಹೊಸ ಡಬ್ಬಿ.

ಓಪನರ್ ಅದರೊಡನೆ ಎಂದೂ ಮಾತಾಡಲಿಲ್ಲ.